ಮಡಿಲು ಆಸನವಲ್ಲ: ಮಕ್ಕಳೊಡನೆ ಕಾರಿನಲ್ಲಿ ಹೊರಡುವ ಮುನ್ನ

ಜಾತ್ರೆ, ಮದುವೆ, ಲಿಂಗದೀಕ್ಷೆ, ಗೃಹಪ್ರವೇಶ, ಶಿವಾನುಭವ ಗೋಷ್ಠಿ ಹೀಗೆ ನಮ್ಮ ಬಾಳಿನ ಮಂಗಳಕಾರ್ಯಗಳೆಲ್ಲ ಪ್ರಯಾಣದೊಡನೆ ಬೆಸೆದುಕೊಂಡಿವೆ. ಹಿಂದೆ ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು ಉಳವಿಗೆ ಹೊರಡುತ್ತಿದ್ದ ಮನೆತನಗಳಲ್ಲಿ ಅನೇಕವು ಇಂದು ಕಾರಿನಲ್ಲಿ ಹೊರಡುತ್ತವೆ. ಚಕ್ಕಡಿಯಲ್ಲಿ ಜಾಗಕ್ಕೆ ಲೆಕ್ಕವಿರಲಿಲ್ಲ. ಅಜ್ಜಿಯ ಮಡಿಲಲ್ಲೊಂದು ಕೂಸು, ಮೂಟೆಯ ಮೇಲೊಂದು, ಹಿಂದೆ ಕಾಲು ಇಳಿಬಿಟ್ಟುಕೊಂಡು ಮೂವರು ಮಕ್ಕಳು ಕುಳಿತರೂ ಅಪಾಯ ಅಷ್ಟಿರಲಿಲ್ಲ. ಏಕೆಂದರೆ ಎತ್ತಿನ ನಡಿಗೆ ಗಂಟೆಗೆ ನಾಲ್ಕೈದು ಕಿಲೋಮೀಟರನ್ನು ಮೀರುತ್ತಿರಲಿಲ್ಲ. ಇಂದಿನ ಕಾರಿನ ವೇಗ ಅದರ ಇಪ್ಪತ್ತು ಪಟ್ಟು. ವಾಹನ ಬದಲಾಯಿತು, ವೇಗ ಬದಲಾಯಿತು. ಆದರೆ ಕೂರುವ ರೂಢಿ ಮಾತ್ರ ಬದಲಾಗಲಿಲ್ಲ. ಐವರ ಕಾರಿನಲ್ಲಿ ಎಂಟು ಜನ ಕುಳಿತು, 'ಮಕ್ಕಳೇನು ಜಾಗ ಹಿಡಿಯುತ್ತಾವೆಯೇ?' ಎಂದು ನಕ್ಕು ಹೊರಡುವುದನ್ನು ನಾವು ಇಂದಿಗೂ ಕಾಣುತ್ತೇವೆ.

ಈ ಒಂದು ರೂಢಿಯನ್ನು ಆರೋಗ್ಯದ ವಿಷಯವೆಂದು ಪರಿಗಣಿಸಿ ಯೋಚಿಸಬೇಕಾದ ಕಾಲ ಬಂದಿದೆ. ಕೂಸಿಗೆ ಲಸಿಕೆ ತಪ್ಪಿಸದ, ಜ್ವರ ಬಂದರೆ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಇಡುವ ತಾಯಂದಿರು ಅದೇ ಕೂಸನ್ನು ಮುಂದಿನ ಆಸನದಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಸಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ಯಾವ ರೋಗವೂ ಅಲ್ಲ, ರಸ್ತೆ ಅಪಘಾತ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715. ಅದರಲ್ಲಿ ಚಾಲಕರು 8,384 ಆದರೆ, ಸುಮ್ಮನೆ ಕುಳಿತಿದ್ದ ಪ್ರಯಾಣಿಕರು 8,331. ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. 'ಬೆಲ್ಟ್ ಚಾಲಕನಿಗೆ ಮಾತ್ರ' ಎಂಬ ನಂಬಿಕೆಗೆ ಈ ಎರಡು ಸಂಖ್ಯೆಗಳೇ ಉತ್ತರ.

ಕಾರಿನಲ್ಲಿ ಎಷ್ಟು ಜನ?

ಪ್ರತಿ ವಾಹನದ ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ನಾವೆಲ್ಲ ಆರ್.ಸಿ. ಎನ್ನುವ ಕಾರ್ಡಿನಲ್ಲಿ, ಆಸನಗಳ ಸಂಖ್ಯೆಯನ್ನು ನಮೂದಿಸಿರುತ್ತಾರೆ. ಈ ಸಂಖ್ಯೆಯಲ್ಲಿ ಚಾಲಕನೂ ಸೇರಿರುತ್ತಾನೆ. ಐದು ಎಂದಿದ್ದರೆ ಚಾಲಕ ಮತ್ತು ನಾಲ್ವರು. ಏಳು ಎಂದಿದ್ದರೆ ಚಾಲಕ ಮತ್ತು ಆರು ಜನ. ಅನೇಕರು ಇದನ್ನು 'ಚಾಲಕನನ್ನು ಬಿಟ್ಟು ಐದು' ಎಂದು ತಪ್ಪಾಗಿ ತಿಳಿದಿರುವುದುಂಟು.

ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು ಸ್ಪಷ್ಟ ಉತ್ತರ ಕೊಡುತ್ತದೆ. ಬೆಲ್ಟ್ ಧರಿಸದೆ ವಾಹನ ನಡೆಸಿದರೂ, ಬೆಲ್ಟ್ ಧರಿಸದ ಪ್ರಯಾಣಿಕರನ್ನು ಕೂರಿಸಿಕೊಂಡರೂ 1,000 ರೂಪಾಯಿ ದಂಡ. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ, ಮಕ್ಕಳ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ಒಯ್ದರೂ ಅಷ್ಟೇ ದಂಡ. ಒಂದು ಬೆಲ್ಟಿಗೆ ಒಂದೇ ದೇಹ. ಆದ್ದರಿಂದ ಪ್ರತಿ ಮಗುವಿಗೂ ಅದರದೇ ಆದ ಆಸನ ಬೇಕೇ ಬೇಕು. ಹಾಲುಗಲ್ಲದ ಕೂಸಾದರೂ ಅದು ಒಂದು ಪೂರ್ಣ ಪ್ರಯಾಣಿಕ ಜೀವ. ಅರ್ಧ ಟಿಕೆಟ್ ಅಲ್ಲ.

ಬಾಡಿಗೆಯ ವಾಹನಗಳಿಗೆ ಇನ್ನೊಂದು ನಿಯಮವಿದೆ. ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಮೊದಲಾದ ಸಾರಿಗೆ ವಾಹನಗಳಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದರೆ, ಹೆಚ್ಚಾದ ಪ್ರತಿಯೊಬ್ಬರಿಗೂ 200 ರೂಪಾಯಿ ದಂಡವನ್ನು 194ಎ ಕಲಮು ವಿಧಿಸುತ್ತದೆ. ಅಷ್ಟೇ ಅಲ್ಲ, ಹೆಚ್ಚಾದವರನ್ನು ಇಳಿಸಿ ಅವರಿಗೆ ಬೇರೆ ವಾಹನದ ವ್ಯವಸ್ಥೆ ಆಗುವವರೆಗೆ ಆ ವಾಹನ ಮುಂದೆ ಚಲಿಸುವಂತಿಲ್ಲ. ದಿಬ್ಬಣದ ಗಾಡಿಯನ್ನು ಬಾಡಿಗೆಗೆ ಗೊತ್ತುಪಡಿಸುವವರು ಇದನ್ನು ನೆನಪಿಡಬೇಕು.

ಇನ್ನು ವಿಮೆಯ ಮಾತು. ಅನುಮತಿ ಇದ್ದದ್ದಕ್ಕಿಂತ ಹೆಚ್ಚು ಜನರನ್ನು ತುಂಬಿದ್ದ ಬಸ್ಸೊಂದರ ಅಪಘಾತದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ವಿಮಾ ಕಂಪನಿಯ ಹೊಣೆ ಅನುಮತಿ ಪಡೆದ ಪ್ರಯಾಣಿಕರ ಸಂಖ್ಯೆಗೆ ಸೀಮಿತ ಎಂದು ತೀರ್ಪಿತ್ತಿತು. ತುಂಬಿಕೊಂಡು ಹೋಗುವಾಗ 'ಏನಾದರೂ ಆದರೆ ವಿಮೆ ಇದೆಯಲ್ಲ' ಎನ್ನುವ ಧೈರ್ಯಕ್ಕೂ ಆಧಾರವಿಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ದಂಡ, ವಿಮೆಗಳೆಲ್ಲ ಹೊರಗಿನ ಮಾತು. ನಿಜವಾದ ಕಾರಣ ಮಗುವಿನ ದೇಹದಲ್ಲಿದೆ.

ಅಪ್ಪುಗೆಗೆ ಎಷ್ಟು ಬಲ?

'ನಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ' ಎಂಬುದು ಪ್ರತಿ ತಾಯಿಯ, ಪ್ರತಿ ಅಜ್ಜಿಯ ಪ್ರಾಮಾಣಿಕ ಮಾತು. ಆ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಗೂ ತೋಳಿನ ಬಲಕ್ಕೂ ನಡುವೆ ಇರುವ ಅಂತರವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಮರಕ್ಕೋ ಲಾರಿಗೋ ಬಡಿದು, ಅದರ ಮೂತಿ ಅರ್ಧ ಮೀಟರಿನಷ್ಟು ಜಜ್ಜಿ ನಿಂತಿತೆಂದು ಇಟ್ಟುಕೊಳ್ಳೋಣ. ಆ ನಿಲುಗಡೆಗೆ ಬೇಕಾದ ಕಾಲ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆ ಕ್ಷಣದಲ್ಲಿ ಕಾರಿನೊಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಹತ್ತು ಕಿಲೋ ತೂಗುವ ಒಂದು ವರ್ಷದ ಕೂಸು ಆಗ ಎರಡು ಕ್ವಿಂಟಲ್ ಭಾರಕ್ಕೆ ಸಮನಾಗುತ್ತದೆ. ಅಂದರೆ ನಾಲ್ಕು ಸಿಮೆಂಟು ಚೀಲ. ಕಣ್ಣು ಮಿಟುಕಿಸುವ ಅವಧಿಯಲ್ಲಿ ನಾಲ್ಕು ಸಿಮೆಂಟು ಚೀಲಗಳನ್ನು ತಡೆದು ಹಿಡಿಯಬಲ್ಲ ಜಟ್ಟಿ ಯಾರಿದ್ದಾರೆ? ಕೂಸು ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೋ ಗಾಜಿಗೋ ಅಪ್ಪಳಿಸುತ್ತದೆ. ಹಿಡಿದವರೂ ಬೆಲ್ಟ್ ಧರಿಸಿರದಿದ್ದರೆ, ಅವರ ದೇಹದ ಟನ್ನುಗಟ್ಟಲೆ ಒತ್ತಡಕ್ಕೆ ಮಗು ನಡುವೆ ಸಿಲುಕುತ್ತದೆ. ರಕ್ಷಿಸಬೇಕೆಂದು ಅಪ್ಪಿಕೊಂಡ ದೇಹವೇ ಮಗುವನ್ನು ಜಜ್ಜುತ್ತದೆ. ದೊಡ್ಡವರೂ ಮಗುವೂ ಒಂದೇ ಬೆಲ್ಟಿನೊಳಗೆ ಸೇರಿಕೊಂಡು ಕೂರುವುದರ ಅಪಾಯವೂ ಇದೇ.

ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಗಂಟೆಗೆ 50 ಕಿಲೋಮೀಟರ್ ವೇಗದ ಡಿಕ್ಕಿ ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಅಂತಸ್ತಿನಿಂದ ಬಿದ್ದುದಕ್ಕೆ ಸಮ. 80ರ ವೇಗಕ್ಕೆ ಆ ಎತ್ತರ 25 ಮೀಟರ್ ಆಗುತ್ತದೆ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕಂಬಿಯಿಲ್ಲದ ಕಡೆ ಮಗುವನ್ನು ಕೂರಿಸಲು ನಾವು ಒಪ್ಪುವುದಿಲ್ಲ. ಬೆಲ್ಟ್ ಇಲ್ಲದ ಆಸನವೂ ಕಂಬಿಯಿಲ್ಲದ ಬಾಲ್ಕನಿಯೇ.

ಹಿಂದಿನ ಆಸನ ಸುರಕ್ಷಿತ, ಅಲ್ಲಿ ಬೆಲ್ಟ್ ಬೇಡ ಎಂಬ ಭಾವನೆಯೂ ವ್ಯಾಪಕವಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರು ಕುಳಿತಿದ್ದುದು ಹಿಂದಿನ ಆಸನದಲ್ಲಿ. ಬೆಲೆಬಾಳುವ, ಭದ್ರವೆಂದು ಹೆಸರಾದ ಕಾರೂ ಬೆಲ್ಟ್ ಧರಿಸದವರನ್ನು ಕಾಯಲಾರದೆಂಬ ಚರ್ಚೆ ದೇಶದಾದ್ಯಂತ ನಡೆದದ್ದು ಆಗ. ಹಿಂದೆ ಕುಳಿತವರು ಬೆಲ್ಟ್ ಧರಿಸದಿದ್ದರೆ ತಮಗಷ್ಟೇ ಅಲ್ಲ, ಮುಂದೆ ಕುಳಿತವರ ಬೆನ್ನಿಗೂ ಬಂಡೆಯಂತೆ ಅಪ್ಪಳಿಸುತ್ತಾರೆ.

ಮಗು ದೊಡ್ಡವರ ಕಿರುರೂಪವಲ್ಲ

ಮಗುವಿನ ದೇಹರಚನೆಯೇ ಬೇರೆ. ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಅದು ಏಳೆಂಟನೆಯ ಒಂದು ಭಾಗ. ಇಷ್ಟು ಭಾರದ ತಲೆಯನ್ನು ಹೊತ್ತ ಕತ್ತಿನ ಮೂಳೆಗಳು ಇನ್ನೂ ಮೆದು, ಸ್ನಾಯುಗಳು ಇನ್ನೂ ದುರ್ಬಲ. ಕಾರು ಥಟ್ಟನೆ ನಿಂತಾಗ ಮುಂದಕ್ಕೆ ಮುಖಮಾಡಿ ಕುಳಿತ ಕೂಸಿನ ತಲೆ ಕತ್ತನ್ನು ಎಳೆದುಕೊಂಡೇ ಮುಂದಕ್ಕೆ ಹೋಗುತ್ತದೆ. ಬೆನ್ನುಹುರಿಗೆ ಪೆಟ್ಟಾಗುವುದು ಹೀಗೆ.

ಅದೇ ಕೂಸು ಕಾರಿನ ಹಿಂಬದಿಗೆ ಮುಖಮಾಡಿ ಕುಳಿತಿದ್ದರೆ? ಆಗ ಹೊಡೆತದ ಬಲವು ತಲೆ, ಕತ್ತು, ಬೆನ್ನು ಎಲ್ಲೆಡೆ ಸಮನಾಗಿ ಹರಡಿ, ಆಸನದ ಬೆನ್ನೇ ಅದನ್ನು ತಾಳಿಕೊಳ್ಳುತ್ತದೆ. ಈ ತತ್ತ್ವವನ್ನು ಮಕ್ಕಳ ಆಸನಕ್ಕೆ ಅಳವಡಿಸಿದವರು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರು. 1960ರ ದಶಕದಲ್ಲಿ ಗಗನಯಾತ್ರಿಗಳು ಉಡ್ಡಯನದ ಒತ್ತಡವನ್ನು ಬೆನ್ನಿನ ಮೇಲೆ ತಾಳಿಕೊಳ್ಳುವಂತೆ ಒರಗಿರುವುದನ್ನು ಕಂಡು ಅವರಿಗೆ ಈ ಆಲೋಚನೆ ಹೊಳೆಯಿತು. ಆ ದೇಶದವರೇ ಆದ ನೀಲ್ಸ್ ಬೋಲಿನ್ ಎಂಬ ಎಂಜಿನಿಯರು ವೋಲ್ವೊ ಕಂಪನಿಯಲ್ಲಿದ್ದಾಗ, 1959ರಲ್ಲಿ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಇಂದಿನ ಮೂರು ಬಿಂದುಗಳ ಸೀಟ್ ಬೆಲ್ಟನ್ನು ರೂಪಿಸಿದರು. ಕಂಪನಿಯು ಆ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡು ಹಣ ಗಳಿಸಬಹುದಿತ್ತು. ಆದರೆ ಎಲ್ಲ ಕಾರು ತಯಾರಕರೂ ಬಳಸಲೆಂದು ಬಿಟ್ಟುಕೊಟ್ಟಿತು. ಲೋಕಕ್ಕೆ ಉಚಿತವಾಗಿ ಸಂದ ಆ ಪಟ್ಟಿ ಇಂದು ನಮ್ಮ ಪ್ರತಿ ಕಾರಿನಲ್ಲೂ ಇದೆ. ಎಳೆದು ಸಿಕ್ಕಿಸಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

ಆದರೆ ಈ ಬೆಲ್ಟನ್ನು ದೊಡ್ಡವರ ಅಳತೆಗೆ ಮಾಡಲಾಗಿದೆ. ಐದು ವರ್ಷದ ಮಗುವಿಗೆ ಅದನ್ನು ನೇರವಾಗಿ ಹಾಕಿದರೆ ಮೇಲಿನ ಪಟ್ಟಿ ಕತ್ತಿಗೆ ಬರುತ್ತದೆ, ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಏರುತ್ತದೆ. ಸೊಂಟದ ಗಟ್ಟಿ ಮೂಳೆ ತಾಳಬೇಕಾದ ಬಲವನ್ನು ಆಗ ಮೆತ್ತನೆಯ ಕರುಳು, ಯಕೃತ್ತು, ಗುಲ್ಮಗಳು ತಾಳಬೇಕಾಗುತ್ತದೆ. ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವ ಆಗಬಹುದು. ಆದ್ದರಿಂದಲೇ ಮಕ್ಕಳಿಗೆ ಪ್ರತ್ಯೇಕ ಆಸನ ಬೇಕು. ಗರ್ಭಿಣಿಯರೂ ಇದೇ ಸೂತ್ರವನ್ನು ಪಾಲಿಸಬೇಕು: ಬೆಲ್ಟನ್ನು ಬಿಡಬಾರದು, ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ, ಮೇಲಿನ ಪಟ್ಟಿ ಎದೆಯ ನಡುವೆ ಹಾದುಹೋಗಬೇಕು.

ವಯಸ್ಸಿಗೆ ತಕ್ಕ ಆಸನ

ಹುಟ್ಟಿದಂದಿನಿಂದ ಸುಮಾರು ಎರಡು ವರ್ಷದವರೆಗೆ: ಹಿಂಬದಿಗೆ ಮುಖಮಾಡಿದ ಶಿಶು ಆಸನ. ಯುರೋಪಿನ ಹೊಸ ಮಾನದಂಡದಲ್ಲಿ ಹದಿನೈದು ತಿಂಗಳವರೆಗೆ ಇದು ಕಡ್ಡಾಯ. ಆಸನದ ಮೇಲೆ ನಮೂದಿಸಿದ ತೂಕ, ಎತ್ತರದ ಮಿತಿ ಮೀರುವವರೆಗೂ ಹೀಗೆಯೇ ಕೂರಿಸುವುದು ಲೇಸು. ಕಾಲು ಮಡಚಿಕೊಂಡಿದೆಯೆಂದು ಮರುಗಬೇಕಿಲ್ಲ. ಮಕ್ಕಳು ಕಾಲು ಮಡಚಿ ಹಾಯಾಗಿಯೇ ಕೂರುತ್ತವೆ.

ಎರಡರಿಂದ ನಾಲ್ಕೈದು ವರ್ಷದವರೆಗೆ: ಮುಂಬದಿಗೆ ಮುಖಮಾಡಿದ, ಎರಡು ಭುಜ, ಎರಡು ಸೊಂಟ ಮತ್ತು ತೊಡೆಗಳ ನಡುವೆ ಹೀಗೆ ಐದು ಕಡೆ ಪಟ್ಟಿ ಹಿಡಿಯುವ ಆಸನ.

ಅಲ್ಲಿಂದ ಸುಮಾರು ಹತ್ತು ಹನ್ನೆರಡು ವರ್ಷದವರೆಗೆ: ಬೂಸ್ಟರ್ ಆಸನ. ಇದು ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟು ಸರಿಯಾದ ಕಡೆ ಹಾಯುವಂತೆ ಮಾಡುತ್ತದೆ. ಮನೆಯ ದಿಂಬು ಬೂಸ್ಟರ್ ಆಗಲಾರದು. ಡಿಕ್ಕಿಯ ಹೊತ್ತಿನಲ್ಲಿ ಅದು ಜಾರಿಹೋಗುತ್ತದೆ.

ಮಗು ಬೂಸ್ಟರ್ ಬಿಡಲು ಸಿದ್ಧವೇ ಎಂದು ತಿಳಿಯಲು ವಯಸ್ಸಿಗಿಂತ ಅಳತೆ ಮುಖ್ಯ. ಬೆನ್ನು ಆಸನಕ್ಕೆ ಪೂರ್ಣ ಒರಗಿದಾಗ ಮೊಣಕಾಲು ಆಸನದ ಅಂಚಿನಲ್ಲಿ ಬಾಗಬೇಕು, ಪಾದ ನೆಲ ಮುಟ್ಟಬೇಕು, ಕೆಳಪಟ್ಟಿ ಸೊಂಟದ ಮೂಳೆಯ ಮೇಲಿರಬೇಕು, ಮೇಲ್ಪಟ್ಟಿ ಭುಜದ ನಡುಭಾಗದಲ್ಲಿ ಹಾಯಬೇಕು. ಸಾಮಾನ್ಯವಾಗಿ 145 ಸೆಂಟಿಮೀಟರ್ ಎತ್ತರ ಬಂದಾಗ ಇದು ಸಾಧ್ಯವಾಗುತ್ತದೆ.

ಆಸನ ಕೊಳ್ಳುವಾಗ ಭಾರತದ ಮಾನದಂಡವಾದ ಎ.ಐ.ಎಸ್. 072 ಅಥವಾ ಯುರೋಪಿನ ಮಾನದಂಡದ ಗುರುತನ್ನು ನೋಡಬೇಕು. ನಮ್ಮ ಕಾರಿನಲ್ಲಿ ಐಸೋಫಿಕ್ಸ್ ಕೊಂಡಿಗಳಿವೆಯೇ ಎಂದು ಹಿಂದಿನ ಆಸನದ ಸಂದಿಯಲ್ಲಿ ಪರೀಕ್ಷಿಸಬೇಕು. ಇದ್ದರೆ ಆಸನವನ್ನು ನೇರವಾಗಿ ಕಾರಿನ ಚೌಕಟ್ಟಿಗೇ ಸಿಕ್ಕಿಸಬಹುದು. ಹೊಸ ಕಾರು ಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬಹುದು. 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ, ಮಕ್ಕಳ ರಕ್ಷಣೆಗೆ ಬೇರೆ ಬೇರೆಯಾಗಿ ನಕ್ಷತ್ರಗಳನ್ನು ಕೊಡುತ್ತಾರೆ. ಬಣ್ಣ, ಮೈಲೇಜುಗಳನ್ನು ಕೇಳುವ ನಾವು ಮಕ್ಕಳ ನಕ್ಷತ್ರ ಎಷ್ಟೆಂದೂ ಕೇಳಬೇಕು.

ಮಕ್ಕಳ ಆಸನದ ಸರಿಯಾದ ಬಳಕೆಯಿಂದ ಶಿಶುಗಳ ಸಾವನ್ನು ಶೇಕಡ 70ರವರೆಗೂ ತಗ್ಗಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಫಲ ಕೊಡುವ ಔಷಧಿಯೊಂದು ಅಂಗಡಿಗೆ ಬಂದಿದ್ದರೆ ನಾವು ಸಾಲಿನಲ್ಲಿ ನಿಂತು ಕೊಳ್ಳುತ್ತಿದ್ದೆವು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆನ್ನುವ ಗಾದೆ ನಮ್ಮಲ್ಲಿದೆ. ಆದರೆ ಕಾರಿರುವ ಮನೆಯವರು ಕೂಸಿನ ಆಸನವನ್ನು ಮಾತ್ರ ಮುಂಚೆಯೇ ತಂದಿಡಬೇಕು. ಏಕೆಂದರೆ ಅದರ ಮೊದಲ ಪ್ರಯಾಣ ಹೆರಿಗೆ ಆಸ್ಪತ್ರೆಯಿಂದ ಮನೆಗೆ.

ಕೂರಿಸಬಾರದ ಮೂರು ಜಾಗಗಳು

ಮೊದಲನೆಯದು, ಮುಂದಿನ ಆಸನ. ಅಪಘಾತವಾದಾಗ ಏರ್‌ಬ್ಯಾಗು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಸ್ಫೋಟಿಸಿ ಹಿಗ್ಗುತ್ತದೆ. ಬೆಲ್ಟ್ ಧರಿಸಿದ ದೊಡ್ಡವರ ಎದೆಗೆ ಅದು ಮೆತ್ತೆ. ಮಡಿಲಲ್ಲಿ ಕುಳಿತ ಕೂಸಿನ ತಲೆಗೆ ಅದು ಸುತ್ತಿಗೆ. ಹಿಂಬದಿಗೆ ಮುಖಮಾಡಿದ ಶಿಶು ಆಸನವನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ಹನ್ನೆರಡು ವರ್ಷದವರೆಗೆ ಮಕ್ಕಳ ಜಾಗ ಹಿಂದಿನ ಆಸನವೇ. ಚಾಲಕನ ತೊಡೆಯ ಮೇಲೆ ಕೂರಿಸಿ ಸ್ಟೇರಿಂಗ್ ಹಿಡಿಸುವ ಮುದ್ದು, ಓಣಿಯಲ್ಲಿಯೇ ಆದರೂ ಬೇಡ.

ಎರಡನೆಯದು, ಹಿಂದಿನ ಡಿಕ್ಕಿ. ಸಾಮಾನು ಇಡುವ ಜಾಗದಲ್ಲಿ ಜಮಖಾನೆ ಹಾಸಿ ಮಕ್ಕಳನ್ನು ಕೂರಿಸುವುದು ಕೆಲವೆಡೆ ವಿನೋದವೆನಿಸಿದೆ. ಹಿಂದಿನಿಂದ ವಾಹನ ಗುದ್ದಿದಾಗ ಮೊದಲು ಜಜ್ಜಿಹೋಗುವಂತೆಯೇ ಆ ಭಾಗವನ್ನು ರೂಪಿಸಿರುತ್ತಾರೆ. ಅಲ್ಲಿ ಬೆಲ್ಟೂ ಇಲ್ಲ, ಒರಗೂ ಇಲ್ಲ.

ಮೂರನೆಯದು, ಚಾವಣಿಯ ಕಿಟಕಿ. ಸನ್‌ರೂಫಿನಿಂದ ಅರ್ಧ ದೇಹ ಹೊರಹಾಕಿ ನಿಂತ ಮಕ್ಕಳನ್ನು ಈಗ ಎಲ್ಲ ಊರುಗಳಲ್ಲೂ ಕಾಣುತ್ತೇವೆ. ಅದು ಬೆಳಕು, ಗಾಳಿಗಾಗಿ ಇರುವುದು, ನಿಲ್ಲುವುದಕ್ಕಲ್ಲ. ಬ್ರೇಕು ಒತ್ತಿದಾಗ ಮಗುವಿನ ಎದೆ ಅಂಚಿಗೆ ಬಡಿಯುತ್ತದೆ. ಜಾತ್ರೆಯ ಕಮಾನು, ತೂಗುವ ತಂತಿ, ರಸ್ತೆಗೆ ಬಾಗಿದ ಕೊಂಬೆ ಇವಾವುವೂ ಮಗುವಿನ ಕಣ್ಣಿಗೆ ಮೊದಲೇ ಬೀಳುವುದಿಲ್ಲ.

ತುಂಬಿದ ಕಾರಿನ ಅವಸ್ಥೆ

ಜನ ಹೆಚ್ಚಿದಷ್ಟೂ ಕಾರು ತನ್ನ ಗುಣವನ್ನು ಬದಲಿಸುತ್ತದೆ. ಮೂವರು ಹೆಚ್ಚಾದರೆ ಸುಮಾರು 180 ಕಿಲೋ, ಅವರ ಸಾಮಾನು ಬೇರೆ. ಟಯರುಗಳ ಮೇಲೆ ಭಾರ ಹೆಚ್ಚಿ, ಅವು ಕಾದು ಒಡೆಯುವ ಸಂಭವ ಏರುತ್ತದೆ, ಅದರಲ್ಲೂ ಬೇಸಿಗೆಯ ಹೆದ್ದಾರಿಯಲ್ಲಿ. ತಿರುವುಗಳಲ್ಲಿ ಕಾರು ವಾಲುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಟ್ಟಗಳ ಇಳಿಜಾರಿನಲ್ಲಿ ಪದೇ ಪದೇ ಒತ್ತಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳಬಹುದು. ಅಂಥಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದು ಕ್ರಮ. ಮುಂದಿನ ಆಸನದಲ್ಲಿ ಇಬ್ಬರು ಒತ್ತಿಕೊಂಡು ಕುಳಿತರೆ ಗೇರು ಬದಲಿಸಲು ಚಾಲಕನ ಕೈ ಆಡುವುದಿಲ್ಲ, ಎಡಗನ್ನಡಿ ಕಾಣುವುದಿಲ್ಲ.

ವೇಗದ ಲೆಕ್ಕವನ್ನೂ ತಿಳಿದಿರೋಣ. ಚೆನ್ನಾಗಿರುವ ಕಾರು, ಒಣ ರಸ್ತೆ, ಎಚ್ಚರದ ಚಾಲಕ ಇದ್ದರೂ 60ರ ವೇಗದಲ್ಲಿ ಎದುರಿಗೆ ದನ ಕಂಡ ಕ್ಷಣದಿಂದ ಪೂರ್ಣ ನಿಲ್ಲಲು 35ರಿಂದ 40 ಮೀಟರ್ ಬೇಕು. 80ರ ವೇಗಕ್ಕೆ 55 ಮೀಟರ್ ದಾಟುತ್ತದೆ. ಮಳೆಯಲ್ಲಿ ಇನ್ನೂ ಹೆಚ್ಚು.

ಬೈಕಿನ ಮೇಲಿನ ಮಗು

ಎಲ್ಲರ ಮನೆಯಲ್ಲೂ ಕಾರಿಲ್ಲ. ನಮ್ಮ ಬಹುಪಾಲು ಮಕ್ಕಳ ಪ್ರಯಾಣ ಬೈಕಿನ ಮೇಲೆಯೇ ನಡೆಯುತ್ತದೆ. ಅಲ್ಲಿಯ ಮಿತಿ ಇನ್ನೂ ಕಠಿಣ: ಚಾಲಕ ಮತ್ತು ಹಿಂದೆ ಒಬ್ಬರು, ಅಷ್ಟೇ. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗಾಗಿ 2023ರ ಫೆಬ್ರುವರಿ 15ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ, ಮಗುವನ್ನು ಚಾಲಕನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು. ಇನ್ನೂ ಎಳೆಯ ಕೂಸನ್ನು ಬೈಕಿನಲ್ಲಿ ಒಯ್ಯದಿರುವುದೇ ವಿವೇಕ. ತಂದೆಗೆ ಹೆಲ್ಮೆಟ್ ಇದ್ದು, ಟ್ಯಾಂಕಿನ ಮೇಲೆ ಕುಳಿತ ಮಗುವಿನ ತಲೆ ಬರಿದಾಗಿರುವ ನೋಟವನ್ನು ನಾವು ನಿತ್ಯ ಕಾಣುತ್ತೇವೆ, ಅದಕ್ಕೆ ಒಗ್ಗಿಹೋಗಬಾರದು.

ನಿಂತ ಕಾರೂ ಅಪಾಯವೇ

'ಐದು ನಿಮಿಷ ದರ್ಶನ ಮಾಡಿ ಬರುತ್ತೇವೆ, ಮಗು ಮಲಗಿದೆ' ಎಂದು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮಗುವನ್ನು ಬಿಟ್ಟುಹೋಗುವುದು ಮಾರಕವಾಗಬಲ್ಲದು. ಹೊರಗೆ 35 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಮಗುವಿನ ದೇಹ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ದೇಹದ ತಾಪ 40 ಡಿಗ್ರಿ ತಲುಪಿದರೆ ಅದು ಬಿಸಿಲಾಘಾತ. ಆಟವಾಡುತ್ತ ಮಕ್ಕಳೇ ಕಾರಿನೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುವುದೂ ಉಂಟು. ಆದ್ದರಿಂದ ಮನೆಯಲ್ಲಿ ನಿಲ್ಲಿಸಿದ ಕಾರಿಗೂ ಬೀಗವಿರಲಿ; ಇಳಿಯುವಾಗ ಹಿಂದಿನ ಆಸನವನ್ನು ಒಮ್ಮೆ ತಿರುಗಿ ನೋಡುವ ಅಭ್ಯಾಸವಿರಲಿ.

'ಆಗುವುದಿಲ್ಲ' ಎನ್ನುವುದು ಹೇಗೆ?

ಇಷ್ಟೆಲ್ಲ ತಿಳಿದಿದ್ದರೂ ಕಾರು ತುಂಬುವುದು ಅಜ್ಞಾನದಿಂದಲ್ಲ, ದಾಕ್ಷಿಣ್ಯದಿಂದ. ಹೊರಡುವ ಹೊತ್ತಿಗೆ ಸೋದರತ್ತೆ ಬರುತ್ತಾರೆ. 'ಜಾಗ ಇಲ್ಲ' ಎಂದರೆ ಅವಮಾನವೆಂದು ಭಾವಿಸುತ್ತಾರೆ. ಹಿರಿಯರಿಗೆ ಎದುರಾಡುವುದು ಹೇಗೆಂದು ಕಾರು ನಡೆಸುವ ಮಗ ಸುಮ್ಮನಾಗುತ್ತಾನೆ. ಎಲ್ಲರೂ 'ಸ್ವಲ್ಪ ಹೊಂದಿಸಿಕೊಳ್ಳೋಣ' ಎನ್ನುತ್ತಾರೆ. ಕೊನೆಗೆ ಹೊಂದಿಕೊಳ್ಳುವುದು ಮಕ್ಕಳು. ಮನೆಯಲ್ಲಿ ಮಾತಿಲ್ಲದವರು, ತೂಕವಿಲ್ಲದವರು ಅವರೇ ಆದ್ದರಿಂದ ಅವರ ಆಸನವನ್ನೇ ಕಿತ್ತುಕೊಳ್ಳುತ್ತೇವೆ.

ಇದಕ್ಕೆ ದಾರಿಯೆಂದರೆ ಲೆಕ್ಕವನ್ನು ಹಿಂದಿನ ದಿನವೇ ಮಾಡುವುದು. ಬಾಗಿಲಲ್ಲಿ ನಿಂತು ಹೇಳುವ 'ಇಲ್ಲ' ಅವಮಾನ. ಹಿಂದಿನ ರಾತ್ರಿ ಹೇಳುವ ಅದೇ ಮಾತು ವ್ಯವಸ್ಥೆ. 'ಅತ್ತೆ, ನಾಳೆ ಕಾರಿನಲ್ಲಿ ಐದೇ ಬೆಲ್ಟು, ಎರಡು ಮಕ್ಕಳಿದ್ದಾವೆ. ನಿಮಗೆ ಬಸ್ಸಿನಲ್ಲಿ ಜಾಗ ಹಿಡಿದು ಕೂರಿಸುತ್ತೇನೆ, ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತೇನೆ' ಎಂದರೆ ಯಾರೂ ನೊಂದುಕೊಳ್ಳರು. ಜಾತ್ರೆಗಳಿಗೆ ನಮ್ಮ ಸಾರಿಗೆ ಸಂಸ್ಥೆಗಳು ವಿಶೇಷ ಬಸ್ಸುಗಳನ್ನು ಓಡಿಸುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಒಂದೇ ಕಾರಿನಲ್ಲಿ ಎಲ್ಲರೂ ಹೋಗಲೇಬೇಕೆಂಬ ಹಟ ಬಿಟ್ಟರೆ ಖರ್ಚು ಹೆಚ್ಚದೆಯೇ ದಾರಿ ಸಿಗುತ್ತದೆ. ಊರು ಹತ್ತಿರವಿದ್ದರೆ ಎರಡು ಸಲ ಹೋಗಿಬರಬಹುದು.

ಈ ವಿಷಯದಲ್ಲಿ ಹಿರಿಯರ ಮಾತಿಗೆ ತೂಕ ಹೆಚ್ಚು. 'ಕೂಸಿಗೆ ಬೆಲ್ಟ್ ಹಾಕುವ ತನಕ ನಾನು ಕಾರು ಹತ್ತುವುದಿಲ್ಲ' ಎಂದು ಅಜ್ಜಿಯೊಬ್ಬರು ಹೇಳಿದರೆ ಆ ಮನೆಯಲ್ಲಿ ಅದೇ ಶಾಸನವಾಗುತ್ತದೆ. ಮೊಮ್ಮಗನ ಮೇಲಿನ ಪ್ರೀತಿಯಿಂದ ಹದಿನೈದು, ಹದಿನಾರರ ಹುಡುಗನ ಕೈಗೆ ಕೀಲಿ ಕೊಡುವುದನ್ನೂ ಹಿರಿಯರೇ ತಡೆಯಬೇಕು. ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡವನ್ನು ಕಾಯ್ದೆ ವಿಧಿಸುತ್ತದೆ.

ಹೊರಡುವ ಮುನ್ನ ಪಾಲಿಸಬೇಕಾದ ಕ್ರಮ

- ಜನರನ್ನು ಎಣಿಸುವ ಬದಲು ಬೆಲ್ಟುಗಳನ್ನು ಎಣಿಸಿ. ಬೆಲ್ಟುಗಳಿಗಿಂತ ಒಬ್ಬರೂ ಹೆಚ್ಚಾಗದಿರಲಿ.
- ಹಿಂದಿನ ಆಸನದ ಹೊದಿಕೆಯಡಿ ಹುದುಗಿದ ಬೆಲ್ಟುಗಳನ್ನು ಹೊರತೆಗೆದು, ಕೊಂಡಿಗಳು ಹಿಡಿಯುತ್ತವೆಯೇ ನೋಡಿ.
- ಮಕ್ಕಳನ್ನು ಮೊದಲು ಕೂರಿಸಿ ಭದ್ರಪಡಿಸಿ. ದೊಡ್ಡವರು ಅನಂತರ ಹತ್ತಲಿ.
- ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಹಾಕಿ. ಕಿಟಕಿಯ ಗುಂಡಿ ಚಾಲಕನ ಹತೋಟಿಯಲ್ಲಿರಲಿ.
- ತೆಂಗಿನಕಾಯಿ, ಸ್ಟೀಲ್ ಡಬ್ಬಿ, ನೀರಿನ ಕ್ಯಾನುಗಳನ್ನು ಆಸನದ ಹಿಂದಿನ ಹಲಗೆಯ ಮೇಲೆ ಇಡಬೇಡಿ. ಡಿಕ್ಕಿಯ ಹೊತ್ತಿನಲ್ಲಿ ಅವೂ ಹಾರುತ್ತವೆ.
- ಮಗು ಅತ್ತರೆ ಬೆಲ್ಟ್ ಬಿಚ್ಚಬೇಡಿ, ಕಾರು ನಿಲ್ಲಿಸಿ. ಹಾಲೂಡಿಸಲು, ಸಮಾಧಾನಪಡಿಸಲು ಎರಡು ಗಂಟೆಗೊಮ್ಮೆ ನಿಲ್ಲುವುದು ಚಾಲಕನಿಗೂ ಹಿತ.
- ರಾತ್ರಿ ಕಾರ್ಯಕ್ರಮ ಮುಗಿಸಿ ನಿದ್ದೆಗಣ್ಣಿನಲ್ಲಿ ಹೊರಡಬೇಡಿ. ತಂಗಿ ಬೆಳಗ್ಗೆ ಹೊರಟರೆ ಏನೂ ಕೆಡುವುದಿಲ್ಲ.

ಅಕಸ್ಮಾತ್ ಅಪಘಾತವಾದರೆ, ಮೊದಲ ಒಂದು ಗಂಟೆ ಅಮೂಲ್ಯ. 108ಕ್ಕೆ ಕರೆಮಾಡಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಮಗುವಿನ ಕತ್ತನ್ನು ಅಲುಗಿಸಬೇಡಿ, ಗಾಬರಿಯಿಂದ ಎಳೆದು ಎತ್ತಬೇಡಿ, ಬಾಯಿಗೆ ನೀರು ಹಾಕಬೇಡಿ. ಹೊರಗೆ ಗಾಯ ಕಾಣದಿದ್ದರೂ ವಾಂತಿ, ಮಂಪರು, ಹೊಟ್ಟೆನೋವುಗಳಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಬೇರೆಯವರ ಅಪಘಾತ ಕಂಡಾಗ ಹೆದರಿ ಮುಂದೆ ಸಾಗದಿರಿ. ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ.

ಬೆಲ್ಟ್ ಹಾಕಿದ ಮೊದಲ ನಾಲ್ಕೈದು ಸಲ ಮಗು ರಚ್ಚೆ ಹಿಡಿಯುತ್ತದೆ. ತಾಯಿತಂದೆ ತಾವೂ ಹಾಕಿಕೊಂಡು, ಒಂದು ದಿನವೂ ವಿನಾಯಿತಿ ಕೊಡದಿದ್ದರೆ, ತಿಂಗಳೊಳಗೆ ಅದೇ ಮಗು 'ಅಪ್ಪಾ, ಬೆಲ್ಟು' ಎಂದು ನೆನಪಿಸತೊಡಗುತ್ತದೆ. ಮುಂಜಾನೆಯ ಪೂಜೆಯಷ್ಟೇ ಸಹಜವಾಗಿ ಈ ನಿಯಮವೂ ಮಕ್ಕಳಿಗೆ ರೂಢಿಯಾಗಬಲ್ಲದು. ಮುಂದಿನ ಜಾತ್ರೆಗೆ ಹೊರಡುವ ಸದ್ಭಕ್ತರು ಕಾರಿನ ಕೀಲಿ ತಿರುಗಿಸುವ ಮುನ್ನ ಒಮ್ಮೆ ಹಿಂದಿರುಗಿ ನೋಡಲಿ. ಪ್ರತಿ ಮಗುವೂ ತನ್ನದೇ ಆಸನದಲ್ಲಿ, ತನ್ನದೇ ಬೆಲ್ಟಿನಲ್ಲಿ ಇದ್ದರೆ ಮಾತ್ರ ಗಾಡಿ ಹೊರಡಲಿ.